ರಜೆಯಲ್ಲಿ ಯಾವ ಸಿನಿಮಾ? ಮಲೇಬೆನ್ನೂರಿನ ಮನೆಗಳಿಗೊಂದು ಲೆಕ್ಕಾಚಾರ

ಮಲೇಬೆನ್ನೂರಿನ ಒಂದು ಮನೆಯವರು ಹೊಸ ಸಿನಿಮಾ ನೋಡಲು ಹೊರಟರೆಂದರೆ ಆ ದಿನ ಪೂರ್ತಿ ಅದಕ್ಕೇ ಹೋಗುತ್ತದೆ. ಹರಿಹರ ಸುಮಾರು 15 ಕಿಲೋಮೀಟರ್. ಅಲ್ಲಿಂದ ದಾವಣಗೆರೆ ಹೆಚ್ಚುಕಡಿಮೆ ಮತ್ತಷ್ಟೇ ದೂರ. ಬೆಳಗಿನ ಅಡುಗೆ ಬೇಗ ಮುಗಿಸಬೇಕು, ಎಮ್ಮೆಗೆ ಮೇವು ಹಾಕಲು ಪಕ್ಕದ ಮನೆಯವರಿಗೆ ಹೇಳಿಡಬೇಕು, ಸಂಜೆ ಬಸ್ಸು ತಪ್ಪದಂತೆ ನಿಲ್ದಾಣ ಸೇರಬೇಕು. ಮಾಲಿನ ಪಕ್ಕದಲ್ಲೇ ಮನೆ ಇರುವ ಬೆಂಗಳೂರಿನವರು ಚಿತ್ರ ಹಿಡಿಸದಿದ್ದರೆ ಇಂಟರ್ವಲ್ಲಿಗೆ ಎದ್ದು ಹೋಗಬಹುದು. ಇಲ್ಲಿಂದ ಹೋದ ಕುಟುಂಬಕ್ಕೆ ಆ ಅನುಕೂಲವಿಲ್ಲ. ಮಗು ಹೆದರಿ ಅತ್ತರೆ, ಅಜ್ಜಿಗೆ ತಲೆನೋವು ಬಂದರೆ, ತಾಯಿಯೋ ತಂದೆಯೋ ಅವರನ್ನು ಕರೆದುಕೊಂಡು ಹೊರಗಿನ ಕಟ್ಟೆಯ ಮೇಲೆ ಸಿನಿಮಾ ಬಿಡುವವರೆಗೆ ಕೂತಿರಬೇಕು.

ಹಾಗಾಗಿ ನಮ್ಮ ಕಡೆ ಆಯ್ಕೆ ಮನೆಯಲ್ಲೇ ಸರಿಯಾಗಿ ಆಗಬೇಕು. ಆದರೆ ರಜೆಯ ವಾರದಲ್ಲಿ ಅದು ಆಗುವ ರೀತಿ ಬೇರೆ. ಹೈಸ್ಕೂಲಿನ ಹುಡುಗ ಮೊಬೈಲಿನಲ್ಲಿ ಟ್ರೇಲರ್ ತೋರಿಸಿ, "ಅಪ್ಪಾಜಿ, ಇದಕ್ಕೇ ಹೋಗಣ, ನಮ್ಮ ಕ್ಲಾಸಿನೋರೆಲ್ಲ ನೋಡಿದಾರೆ" ಎನ್ನುತ್ತಾನೆ. ಅಲ್ಲಿಗೆ ತೀರ್ಮಾನವಾಗಿಬಿಡುತ್ತದೆ. ಜೊತೆಗೆ ಬರುವ ಆರು ವರ್ಷದ ತಂಗಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾನು ಹೇಳಬೇಕೆಂದಿರುವುದು ಇಷ್ಟು: ಲೆಕ್ಕ ಆ ತಂಗಿಯಿಂದಲೇ ಶುರುವಾಗಬೇಕು. ಹೊರಟವರಲ್ಲಿ ಎಲ್ಲರಿಗಿಂತ ಚಿಕ್ಕವರು ಯಾರೋ ಅವರಿಗೆ ಸಲ್ಲುವ ಚಿತ್ರವೇ ಎಂದು ಮೊದಲು ನೋಡಬೇಕು. ಹೀರೋ ಯಾರು ಎಂಬುದು ಆಮೇಲಿನ ಮಾತು.

2025ರ ದಸರಾ ರಜೆಯನ್ನೇ ತೆಗೆದುಕೊಳ್ಳೋಣ

ರಾಜ್ಯದ ಶಾಲೆಗಳಿಗೆ 2025ರ ದಸರಾ ರಜೆ ಸೆಪ್ಟೆಂಬರ್ 20ರಿಂದ ಅಕ್ಟೋಬರ್ 7ರವರೆಗೆ ಇತ್ತು. ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರು ಹೋಗಿದ್ದರಿಂದ ಸರ್ಕಾರಿ ಹಾಗೂ ಅನುದಾನಿತ ಶಾಲೆಗಳ ರಜೆ ಅಕ್ಟೋಬರ್ 18ರವರೆಗೂ ಮುಂದುವರಿಯಿತು. ಭದ್ರಾ ನಾಲೆಯ ಮಳೆಗಾಲದ ಭತ್ತ ಆಗ ಗದ್ದೆಯಲ್ಲಿ ನಿಂತಿರುತ್ತದೆ, ಕೊಯ್ಲಿಗೆ ಇನ್ನೂ ದಿನವಿರುತ್ತದೆ. ದೊಡ್ಡವರಿಗೂ ಒಂದಿಷ್ಟು ಬಿಡುವು ಸಿಗುವ ಕಾಲ ಅದು. ಚಿತ್ರ ನಿರ್ಮಿಸುವವರಿಗೂ ಈ ಬಿಡುವಿನ ಬೆಲೆ ಗೊತ್ತು. ‘ಕಾಂತಾರ’ 2022ರಲ್ಲಿ ಬಂದದ್ದು ಸೆಪ್ಟೆಂಬರ್ 30ಕ್ಕೆ, ದಸರೆಯ ಹೊಸ್ತಿಲಲ್ಲಿ. ಅದರ ಪೂರ್ವಕತೆ ‘ಕಾಂತಾರ: ಚಾಪ್ಟರ್ 1’ ಬಂದದ್ದು 2025ರ ಅಕ್ಟೋಬರ್ 2ಕ್ಕೆ, ವಿಜಯದಶಮಿಯ ದಿನವೇ.

ಆ ರಜೆಯ ದಿನಗಳಲ್ಲಿ ಬಿಡುಗಡೆಯಾದ ದೊಡ್ಡ ಚಿತ್ರಗಳು ಇನ್ನೂ ಇದ್ದವು. ಪವನ್ ಕಲ್ಯಾಣ್ ಅವರ ತೆಲುಗು ಚಿತ್ರ ‘ದೇ ಕಾಲ್ ಹಿಮ್ ಓಜಿ’ ಸೆಪ್ಟೆಂಬರ್ 25ರಂದು, ಧನುಷ್ ಅವರ ‘ಇಡ್ಲಿ ಕಡೈ’ ಅಕ್ಟೋಬರ್ 1ರಂದು, ಹಿಂದಿಯ ‘ಸನ್ನಿ ಸಂಸ್ಕಾರಿ ಕಿ ತುಳಸಿ ಕುಮಾರಿ’ ಕಾಂತಾರದ ದಿನವೇ. ಮನೆಯಲ್ಲಿ ನೆಟ್‌ಫ್ಲಿಕ್ಸ್ ಇದ್ದವರಿಗೆ ‘ಮಹಾವತಾರ್ ನರಸಿಂಹ’ ರಜೆ ಶುರುವಾಗುವ ಹಿಂದಿನ ದಿನ, ಸೆಪ್ಟೆಂಬರ್ 19ಕ್ಕೆ ಬಂದಿತ್ತು.

ಈಗ ಒಂದು ಮನೆಯನ್ನು ಎದುರಿಗಿಟ್ಟುಕೊಳ್ಳಿ. ಆರು ವರ್ಷದ ಹುಡುಗಿ, ಹದಿಮೂರರ ಹುಡುಗ, ಅಪ್ಪ, ಅವ್ವ, ಅಜ್ಜಿ. ‘ಓಜಿ’ಗೆ ಸಿಕ್ಕಿದ್ದು ‘ಎ’ ಪ್ರಮಾಣಪತ್ರ. ಇಬ್ಬರು ಮಕ್ಕಳಿಗೂ ಪ್ರವೇಶವೇ ಇಲ್ಲ, ಅದು ಪಟ್ಟಿಯಿಂದ ಹೊರಗೆ. ‘ಇಡ್ಲಿ ಕಡೈ’ ಹಳ್ಳಿಯ ಇಡ್ಲಿ ಅಂಗಡಿಯ ಕತೆ, ಅಜ್ಜಿಗೆ ಮೆಚ್ಚುಗೆಯಾಗುವಂಥದ್ದು. ಆದರೆ ಚಿತ್ರಮಂದಿರಕ್ಕೆ ಬಂದದ್ದು ತಮಿಳು, ತೆಲುಗಿನಲ್ಲಿ. ಪರದೆಯ ಕೆಳಗಿನ ಅಕ್ಷರ ಓದಲು ಬಾರದ ಒಂದನೇ ತರಗತಿಯ ಮಗು ಎರಡೂವರೆ ತಾಸು ಅರ್ಥವಾಗದ ಮಾತು ಕೇಳುತ್ತಾ ಕೂರಲಾರದು. ಹಿಂದಿಯ ಚಿತ್ರ ಮದುವೆ ಮನೆಯ ಪ್ರೇಮಪ್ರಸಂಗ. ಮನೆಯಲ್ಲಿ ಉರ್ದು ಮಾತಾಡುವ ಕುಟುಂಬಗಳು ನಮ್ಮೂರಿನಲ್ಲಿ ಬಹಳ, ಅವರಿಗೆ ಭಾಷೆಯ ತೊಡಕಿಲ್ಲ, ಆದರೂ ಮಕ್ಕಳಿಗೆ ಅದರಲ್ಲಿ ಆಸಕ್ತಿ ಹುಟ್ಟುವಂಥದ್ದು ಕಡಿಮೆ.

ಉಳಿದದ್ದು ‘ಕಾಂತಾರ’. ಊರಿಗೆ ಊರೇ ಮಾತಾಡುತ್ತಿದ್ದ ಚಿತ್ರ. ಕದಂಬರ ಕಾಲದ ಹಿನ್ನೆಲೆ, ಕಾಡು, ದೈವ, ದೊಡ್ಡ ಪರದೆಗೇ ಹೇಳಿ ಮಾಡಿಸಿದ ದೃಶ್ಯಗಳು. ಅದಕ್ಕೆ ಸಿಕ್ಕಿದ್ದು ‘ಯುಎ 16+’. ಉದ್ದ 168 ನಿಮಿಷ, ಅಂದರೆ ಎರಡು ಮುಕ್ಕಾಲು ತಾಸಿಗೂ ಮೇಲೆ. ಜಾಹೀರಾತು, ಇಂಟರ್ವಲ್ ಸೇರಿದರೆ ಮೂರು ತಾಸು ದಾಟುತ್ತದೆ. ಹದಿಮೂರರ ಹುಡುಗನನ್ನು ಕರೆದೊಯ್ಯುವುದು ತಂದೆತಾಯಿಯ ವಿವೇಚನೆ. ಆ ಹುಡುಗ ಯುದ್ಧದ ದೃಶ್ಯ, ರಕ್ತ ನೋಡಿ ರಾತ್ರಿ ನಿದ್ದೆಗೆಡುವವನೋ ಅಲ್ಲವೋ ಎಂಬುದು ಅವರಿಗೇ ಗೊತ್ತು. ಆರು ವರ್ಷದವಳನ್ನು ಕರೆದೊಯ್ಯಬಾರದಿತ್ತು. ಇದರಲ್ಲಿ ನನಗೆ ಎರಡನೇ ಅಭಿಪ್ರಾಯವಿಲ್ಲ.

ಹಾಗಾದರೆ ಆ ಮನೆಯವರು ಏನು ಮಾಡಬೇಕಿತ್ತು? ಎಲ್ಲರೂ ಒಟ್ಟಿಗೇ ಹೋಗಬೇಕೆಂಬ ಹಟ ಬಿಡಬೇಕಿತ್ತು. ಹುಡುಗನನ್ನು ಅಪ್ಪನೋ ಸೋದರಮಾವನೋ ಹರಿಹರಕ್ಕೆ ಕರೆದೊಯ್ಯಲಿ. ಅದೇ ದಿನ ಅಥವಾ ಮರುದಿನ ಹುಡುಗಿಗೆ ಅವಳದೇ ಒಂದು ಹೊರಸಂಚಾರ ಇರಲಿ. ಅಣ್ಣ ಸಿನಿಮಾಕ್ಕೆ ಹೋದ, ನನ್ನನ್ನು ಬಿಟ್ಟರು ಎಂಬ ಬೇಸರ ಉಳಿಯದ ಹಾಗೆ ನೋಡಿಕೊಂಡರೆ ಸಾಕು. ಕುಟುಂಬ ಸಮೇತ ಹೋಗುವುದು ಚಂದವೇ, ಆದರೆ ಚಿತ್ರ ಕುಟುಂಬಕ್ಕೆ ಒಗ್ಗಿದಾಗ ಮಾತ್ರ ಚಂದ.

ಪ್ರಮಾಣಪತ್ರ ಓದುವುದು ಹೇಗೆ

ನಮ್ಮಲ್ಲಿ ಬಹಳ ಜನ ‘ಎ’ ಬಿಟ್ಟು ಉಳಿದದ್ದೆಲ್ಲ ಮಕ್ಕಳಿಗೆ ಸರಿ ಎಂದುಕೊಂಡಿದ್ದಾರೆ. ಅದು ಹಾಗಿಲ್ಲ. ‘ಯು’ ಎಂದರೆ ಎಲ್ಲರೂ ನೋಡಬಹುದು. ‘ಎ’ ಎಂದರೆ 18 ತುಂಬದವರಿಗೆ ಪ್ರವೇಶವಿಲ್ಲ, ತಂದೆತಾಯಿ ಜೊತೆಗಿದ್ದರೂ ಇಲ್ಲ. ಗೇಟಿನಲ್ಲಿ ತಡೆದರೆ ಸಿಬ್ಬಂದಿಯ ಜೊತೆ ಜಗಳ ಮಾಡುವುದು ತಪ್ಪು, ಕಾನೂನು ಪಾಲಿಸುತ್ತಿರುವವರು ಅವರು. ಇವೆರಡರ ನಡುವಿನ ‘ಯುಎ’ಯೇ ಗಮನವಿಟ್ಟು ನೋಡಬೇಕಾದದ್ದು.

ಹಿಂದೆ ‘ಯುಎ’ ಒಂದೇ ಇತ್ತು, 12 ವರ್ಷದೊಳಗಿನ ಮಕ್ಕಳಿಗೆ ತಂದೆತಾಯಿಯ ಮಾರ್ಗದರ್ಶನ ಬೇಕು ಎಂಬ ಅರ್ಥದಲ್ಲಿ. 2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆಗೆ ತಿದ್ದುಪಡಿ ಬಂದು ಅದನ್ನು ‘ಯುಎ 7+’, ‘ಯುಎ 13+’, ‘ಯುಎ 16+’ ಎಂದು ಮೂರು ಮಾಡಿದರು. ಪಕ್ಕದ ಅಂಕಿಯನ್ನು ನೋಡಿ, ಮನೆಯ ಮಗುವಿನ ವಯಸ್ಸನ್ನು ಅದರ ಎದುರಿಗಿಡಿ. ಮಗುವಿಗೆ ಅಷ್ಟು ವಯಸ್ಸಾಗಿಲ್ಲವೆಂದರೆ ಚಿತ್ರಮಂದಿರದವರು ತಡೆಯುವುದಿಲ್ಲ. ತೀರ್ಮಾನವನ್ನು ಕಾನೂನು ನಿಮಗೇ ಬಿಟ್ಟಿದೆ. ತಡೆಯಲಿಲ್ಲ ಎಂಬುದನ್ನು ಒಪ್ಪಿಗೆ ಎಂದು ತಿಳಿಯಬೇಡಿ. ಅಂಕಿ ಹೇಳುತ್ತಿರುವುದು, ಈ ವಯಸ್ಸಿಗಿಂತ ಚಿಕ್ಕ ಮಗುವನ್ನು ಕರೆತರುವ ಮುಂಚೆ ಯೋಚಿಸಿ ಎಂದು. ಟಿಕೆಟ್ ಆ್ಯಪಿನಲ್ಲಿ ಚಿತ್ರದ ಹೆಸರಿನ ಕೆಳಗೇ ಇದು ಇರುತ್ತದೆ, ಪಕ್ಕದಲ್ಲಿ ಚಿತ್ರದ ಉದ್ದವೂ ಇರುತ್ತದೆ. ಟ್ರೇಲರ್ ನೋಡುವ ಮುಂಚೆ ಇವೆರಡನ್ನು ಓದಿ. ಟ್ರೇಲರ್ ಮಾಡುವುದೇ ಆಸೆ ಹುಟ್ಟಿಸಲು, ಆಸೆ ಹುಟ್ಟಿದ ಮೇಲೆ ಮಕ್ಕಳಿಗೆ ಬೇಡ ಎನ್ನುವುದು ಕಷ್ಟ.

ಹೀರೋನ ಹೆಸರಿನಿಂದ ಅಳೆಯುವ ಅಭ್ಯಾಸ ಎಷ್ಟು ಮೋಸ ಮಾಡುತ್ತದೆ ಎಂಬುದಕ್ಕೆ ಎರಡು ಉದಾಹರಣೆ ಸಾಕು. ‘ಬಾಹುಬಲಿ’ಯಿಂದಾಗಿ ಪ್ರಭಾಸ್ ಎಂದರೆ ಮಕ್ಕಳಿಗೆ ಪ್ರಾಣ. 2023ರ ಡಿಸೆಂಬರ್ 22ರಂದು, ಕ್ರಿಸ್‌ಮಸ್ ವಾರದಲ್ಲಿ ಬಂದ ಅವರ ‘ಸಲಾರ್’ಗೆ ‘ಎ’ ಸಿಕ್ಕಿತ್ತು. 2025ರ ಆಗಸ್ಟ್ 14ರಂದು, ಸ್ವಾತಂತ್ರ್ಯ ದಿನದ ಹಿಂದಿನ ದಿನ ಬಂದ ರಜನಿಕಾಂತ್ ಅವರ ‘ಕೂಲಿ’ಯಲ್ಲಿ ನಮ್ಮ ಉಪೇಂದ್ರ ಕೂಡ ಇದ್ದರು. ಅದಕ್ಕೂ ‘ಎ’. ರಜನಿ ಎಂದರೆ ಮನೆಮಂದಿಯೆಲ್ಲ ನೋಡುವ ಚಿತ್ರ ಎಂದು ನಂಬಿ ಬೆಳೆದ ತಲೆಮಾರಿಗೆ ಇದು ನುಂಗಲು ಕಷ್ಟದ ಮಾತು.

ನಿರ್ದೇಶಕರ ಹೆಸರೂ ಹೀಗೆಯೇ. ರಿಷಬ್ ಶೆಟ್ಟಿ 2018ರಲ್ಲಿ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ಮಾಡಿದರು. ಕನ್ನಡ ಶಾಲೆಯನ್ನು ಉಳಿಸಿಕೊಳ್ಳುವ ಮಕ್ಕಳ ಕತೆ ಅದು, ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ಅದೇ ನಿರ್ದೇಶಕರ ‘ಕಾಂತಾರ: ಚಾಪ್ಟರ್ 1’ಗೆ ಸಿಕ್ಕಿದ್ದು ‘ಯುಎ 16+’. ಎರಡೂ ಒಳ್ಳೆಯ ಕೆಲಸವೇ, ಆದರೆ ಒಂದನ್ನು ನೋಡಿ ನಕ್ಕ ಮಗು ಇನ್ನೊಂದನ್ನೂ ನೋಡಬಲ್ಲದು ಎಂದುಕೊಂಡರೆ ಕೆಟ್ಟೆವು.

ಅನಿಮೇಷನ್ ಎಂದ ಕೂಡಲೇ ಮಕ್ಕಳದು ಎಂದು ತಿಳಿಯುವುದೂ ಬೇಡ. ಅಶ್ವಿನ್ ಕುಮಾರ್ ನಿರ್ದೇಶಿಸಿದ ‘ಮಹಾವತಾರ್ ನರಸಿಂಹ’ 2025ರ ಜುಲೈ 25ರಂದು ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಬಂದು, ಕುಟುಂಬಗಳನ್ನು ಚಿತ್ರಮಂದಿರಕ್ಕೆ ಕರೆತಂದಿತು. ಪ್ರಹ್ಲಾದನ ಕತೆ ನಮಗೆ ಹೊಸದಲ್ಲ. 1983ರ ‘ಭಕ್ತ ಪ್ರಹ್ಲಾದ’ದಲ್ಲಿ ರಾಜ್‌ಕುಮಾರ್ ಹಿರಣ್ಯಕಶಿಪು, ಬಾಲಕ ಪುನೀತ್ ಪ್ರಹ್ಲಾದ. ಅಂದಿನ ಚಿತ್ರದಲ್ಲಿ ಉಗ್ರತೆಯನ್ನು ಅಭಿನಯ, ಸಂಭಾಷಣೆ ಹೊತ್ತಿದ್ದವು. ಇಂದಿನ ಗಣಕದ ಚಿತ್ರಣ ಹಿರಣ್ಯಕಶಿಪುವಿನ ವಧೆಯನ್ನು ಕಿವಿ ಗಡಚಿಕ್ಕುವ ಸದ್ದಿನೊಂದಿಗೆ ಪರದೆ ತುಂಬ ತೋರಿಸುತ್ತದೆ. ಅಜ್ಜಿಯ ಬಾಯಲ್ಲಿ ಕೇಳಿದ ಕತೆಯೇ ಆದರೂ ನಾಲ್ಕು ವರ್ಷದ ಮಗು ಬೆಚ್ಚಬಹುದು.

ಮಗು ಮುಖ್ಯ ಪಾತ್ರದಲ್ಲಿದ್ದ ಮಾತ್ರಕ್ಕೂ ಅದು ಮಕ್ಕಳ ಚಿತ್ರವಾಗುವುದಿಲ್ಲ. ಸುಮಂತ್ ಭಟ್ ಅವರ ‘ಮಿಥ್ಯ’ 2025ರ ಮಾರ್ಚ್‌ನಲ್ಲಿ ಬಂತು. ಅಪ್ಪ ಅಮ್ಮನನ್ನು ಕಳೆದುಕೊಂಡು ಉಡುಪಿಗೆ ಬರುವ ಹನ್ನೊಂದರ ಹುಡುಗನ ಕತೆ. ಬಹಳ ಸೂಕ್ಷ್ಮವಾದ, ದೊಡ್ಡವರು ನೋಡಲೇಬೇಕಾದ ಚಿತ್ರ. ಅದೇ ವಯಸ್ಸಿನ ಮಗುವಿಗೆ ಅದು ಹೊರೆಯಾಗಬಹುದು. ‘777 ಚಾರ್ಲಿ’ಯಲ್ಲಿ ನಾಯಿ ಇದೆ, ನಗು ಇದೆ, ಆದರೆ ಕಾಯಿಲೆಯೂ ಇದೆ. ಮನೆಯ ನಾಯಿ ಈಚೆಗೆ ಸತ್ತಿದ್ದರೆ ಆ ಚಿತ್ರ ಸದ್ಯಕ್ಕೆ ಬೇಡ.

ನೋಡಿ ಬಂದವರನ್ನು ಕೇಳುವ ರೀತಿ

ಹಾಗಾಗಿ ಪ್ರಮಾಣಪತ್ರ ಓದಿದ ಮೇಲೂ ಒಂದು ಕೆಲಸ ಉಳಿಯುತ್ತದೆ. ಮೊದಲ ದಿನವೇ ನೋಡಿ ಬಂದ ಪರಿಚಯದವರೊಬ್ಬರು ಎಲ್ಲರಿಗೂ ಇರುತ್ತಾರೆ. ಅವರನ್ನು "ಪಿಚ್ಚರ್ ಹೆಂಗೈತಪ್ಪ?" ಎಂದು ಕೇಳಿದರೆ "ಸೂಪರ್" ಎನ್ನುತ್ತಾರೆ, ಅದರಿಂದ ನಿಮಗೆ ಏನೂ ತಿಳಿಯುವುದಿಲ್ಲ. ಬಿಡಿಸಿ ಕೇಳಿ. ರಕ್ತ ಎಷ್ಟಿದೆ, ಬರೀ ಹೊಡೆದಾಟವೋ ಕತ್ತರಿಸುವುದನ್ನೂ ತೋರಿಸಿದ್ದಾರೋ? ಮಗುವಿಗೋ ತಾಯಿಗೋ ಹಿಂಸೆ ಕೊಡುವ ದೃಶ್ಯ ಇದೆಯೋ? ಏಕಾಏಕಿ ಹೆದರಿಸುವ ದೆವ್ವ ಬರುತ್ತದೆಯೋ? ಕುಡಿತ, ದ್ವಂದ್ವಾರ್ಥದ ಮಾತು ಅಜ್ಜಿಯ ಪಕ್ಕ ಕೂತು ಕೇಳುವ ಹಾಗಿದೆಯೋ? ಮೊದಲರ್ಧ ಎಷ್ಟು ಹೊತ್ತು? ಈ ಕೊನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಚಿಕ್ಕ ಮಕ್ಕಳಿದ್ದವರು ಕೇಳಲೇಬೇಕು. ಒಂದೂಕಾಲು ತಾಸಿನವರೆಗೆ ಕೂರುವ ಮಗು ಒಂದೂವರೆ ತಾಸಿಗೆ ಹಟ ಹಿಡಿಯುತ್ತದೆ.

ಒಂದೇ ಚಿತ್ರ ಹಲವು ಭಾಷೆಗಳಲ್ಲಿ ಬರುವ ಕಾಲವಿದು. ‘ಕಾಂತಾರ: ಚಾಪ್ಟರ್ 1’ ಏಳು ಭಾಷೆಗಳಲ್ಲಿ ಬಂತು. ಹೊರಗಿನ ಚಿತ್ರಗಳೂ ಕನ್ನಡಕ್ಕೆ ಡಬ್ ಆಗಿ ಬರುತ್ತವೆ, ಆದರೆ ಎಲ್ಲ ಆಟಗಳೂ ಕನ್ನಡದವೇ ಆಗಿರುವುದಿಲ್ಲ. ಟಿಕೆಟ್ ತೆಗೆಯುವಾಗ ಆಟದ ಸಮಯದ ಜೊತೆ ಭಾಷೆಯನ್ನೂ ನೋಡಿ. ಕನ್ನಡದ ಆಟ ಇಲ್ಲದಿದ್ದರೆ ಚಿತ್ರಮಂದಿರಕ್ಕೆ ಫೋನ್ ಮಾಡಿ ಕೇಳಿ. ಕೇಳುವವರು ಇದ್ದಾರೆಂದು ಗೊತ್ತಾದರೇ ಅವರು ಹಾಕುವುದು.

ದೊಡ್ಡದಕ್ಕೆ ಕಾಯಬಹುದು, ಚಿಕ್ಕದಕ್ಕೆ ಕಾಯಲಾಗದು

ಈಗ ಎಲ್ಲಕ್ಕಿಂತ ಉಪಯೋಗಕ್ಕೆ ಬರುವ ಮಾತಿಗೆ ಬರುತ್ತೇನೆ. ನಮ್ಮ ಜನ ಸಾಮಾನ್ಯವಾಗಿ ಸ್ಟಾರ್ ಚಿತ್ರಕ್ಕೆ ಮೊದಲ ಮೂರು ದಿನದಲ್ಲಿ ಮುಗಿಬೀಳುತ್ತಾರೆ, ಚಿಕ್ಕ ಚಿತ್ರವನ್ನು ಆಮೇಲೆ ನೋಡೋಣ ಎಂದು ಬಿಡುತ್ತಾರೆ. ಮಾಡಬೇಕಾದದ್ದು ಇದರ ತಿರುವುಮುರುವು.

ದೊಡ್ಡ ಚಿತ್ರ ಎಲ್ಲಿಗೂ ಹೋಗುವುದಿಲ್ಲ. ರಜೆ ಪೂರ್ತಿ ಇರುತ್ತದೆ, ಎರಡನೇ ವಾರವೂ ಇರುತ್ತದೆ. ಮೊದಲ ದಿನಗಳಲ್ಲಿ ಅಭಿಮಾನಿಗಳ ಶಿಳ್ಳೆ, ಪಟಾಕಿ, ನೂಕುನುಗ್ಗಲು. ಹುಡುಗರಿಗೆ ಅದು ಹಬ್ಬ, ಇರಲಿ. ಕೈಮಗು ಎತ್ತಿಕೊಂಡ ತಾಯಿಗೆ, ಮಂಡಿನೋವಿನ ಅಜ್ಜಿಗೆ ಅಲ್ಲಿ ಜಾಗವಿಲ್ಲ. ಶಾಲೆಗೆ ರಜೆ ಇದ್ದಾಗ ಸೋಮವಾರ, ಮಂಗಳವಾರವೂ ನಿಮ್ಮದೇ. ಆ ದಿನಗಳಲ್ಲಿ ನೆಮ್ಮದಿಯಾಗಿ ಬಾಲ್ಕನಿಯಲ್ಲಿ ಕೂತು ನೋಡಬಹುದು.

ಚಿಕ್ಕ ಚಿತ್ರದ ಕತೆ ಬೇರೆ. ಚಿತ್ರಮಂದಿರದವರು ಶನಿವಾರ, ಭಾನುವಾರದ ಗಳಿಕೆ ನೋಡುತ್ತಾರೆ. ಜನ ಬರಲಿಲ್ಲವೆಂದರೆ ಆಟಗಳು ನಾಲ್ಕರಿಂದ ಒಂದಕ್ಕೆ ಇಳಿಯುತ್ತವೆ, ಮುಂದಿನ ಶುಕ್ರವಾರ ಎತ್ತಂಗಡಿ. ತೇಜಸ್ವಿಯವರ ಕತೆ ಆಧರಿಸಿದ ‘ಡೇರ್‌ಡೆವಿಲ್ ಮುಸ್ತಾಫಾ’ದಂಥ, ಹೈಸ್ಕೂಲು, ಕಾಲೇಜಿನ ಮಕ್ಕಳು ನೋಡಲೇಬೇಕಾದ ಚಿತ್ರ ಊರಿಗೆ ಬಂದಾಗ ಆ ವಾರವೇ ಹೋಗಬೇಕು. ಜನ ಮೊದಲ ವಾರವೇ ಹೋದರೆ ಏನಾಗುತ್ತದೆ ಎಂಬುದನ್ನು ‘ಸು ಫ್ರಮ್ ಸೋ’ ತೋರಿಸಿತು. ‘ಮಹಾವತಾರ್ ನರಸಿಂಹ’ ಬಂದ ದಿನವೇ, ಜೆ.ಪಿ. ತುಮಿನಾಡ್ ನಿರ್ದೇಶನದಲ್ಲಿ ಬಂದ ಆ ಕನ್ನಡ ಚಿತ್ರದಲ್ಲಿ ದೊಡ್ಡ ಹೀರೋ ಇರಲಿಲ್ಲ. ನೋಡಿದವರ ಬಾಯಿಂದ ಬಾಯಿಗೆ ಹಬ್ಬಿ ದಿನದಿಂದ ದಿನಕ್ಕೆ ಆಟಗಳು ಹೆಚ್ಚಿದವು. ಚಿಕ್ಕ ಮಕ್ಕಳ ಚಿತ್ರ ಅದಲ್ಲ. ಆದರೆ ಮೊದಲ ಎರಡು ಮೂರು ದಿನದ ಪ್ರೇಕ್ಷಕರಿಗೆ ಎಷ್ಟು ಬಲವಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಮನೆಯಲ್ಲೇ ನೋಡಬಹುದಾದದ್ದು ಯಾವುದು ಎಂದೂ ಯೋಚಿಸಿ. ‘ಕಾಂತಾರ: ಚಾಪ್ಟರ್ 1’ ಅಕ್ಟೋಬರ್ 31ಕ್ಕೇ ಪ್ರೈಮ್ ವಿಡಿಯೊಗೆ ಬಂತು, ಬಿಡುಗಡೆಯಾಗಿ ಐದು ವಾರವೂ ಆಗಿರಲಿಲ್ಲ. ‘ಸು ಫ್ರಮ್ ಸೋ’ ಸೆಪ್ಟೆಂಬರ್‌ನಲ್ಲಿ ಜಿಯೋಹಾಟ್‌ಸ್ಟಾರ್‌ಗೆ ಬಂತು. ಬಸ್ಸು ಹತ್ತಿ, ದುಡ್ಡು ಕೊಟ್ಟು ನೋಡಬೇಕಾದದ್ದು ದೊಡ್ಡ ಪರದೆ, ದೊಡ್ಡ ಸದ್ದು ಬೇಡುವ ಚಿತ್ರ, ಇಲ್ಲವೇ ನಿಮ್ಮ ಟಿಕೆಟ್ಟಿನಿಂದಲೇ ಉಳಿಯಬೇಕಾದ ಚಿತ್ರ. ಇವೆರಡೂ ಅಲ್ಲದ ನಡುಮಧ್ಯದ ಚಿತ್ರಗಳು ನಾಲ್ಕು ವಾರ ಕಾಯಲಿ.

ಬಸ್ಸು, ದುಡ್ಡು, ನೀರು

ಮೂರು ತಾಸಿನ ಚಿತ್ರಕ್ಕೆ ಸಂಜೆಯ ಆಟ ಬೇಡ. ಆರೂವರೆಗೆ ಶುರುವಾದದ್ದು ಬಿಡುವಾಗ ಒಂಬತ್ತೂವರೆ ದಾಟಿರುತ್ತದೆ. ದಾವಣಗೆರೆಯಿಂದ ಹರಿಹರದವರೆಗೆ ಹೇಗಾದರೂ ಬರಬಹುದು, ಅಲ್ಲಿಂದ ಮುಂದೆ ಶಿವಮೊಗ್ಗದ ಕಡೆಗಿನ ಬಸ್ಸು ಆ ಹೊತ್ತಿಗೆ ವಿರಳ. ನಿದ್ದೆಗಣ್ಣಿನ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು ನಿಲ್ದಾಣದಲ್ಲಿ ನಿಲ್ಲುವ ಬದಲು ಬೆಳಗಿನ ಆಟ ಅಥವಾ ಮ್ಯಾಟ್ನಿ ಆರಿಸಿ. ಬೆಳಗಿನ ಆಟದಲ್ಲಿ ಮಕ್ಕಳ ಮನಸ್ಸೂ ತಾಜಾ ಇರುತ್ತದೆ, ಹೆದರಿದ್ದನ್ನು ಮರೆಯಲು ಇಡೀ ಮಧ್ಯಾಹ್ನ ಸಿಗುತ್ತದೆ.

2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ಸರ್ಕಾರಿ ಬಸ್ಸಿನಲ್ಲಿ ಅವ್ವ, ಅಜ್ಜಿ, ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ, ಗುರುತಿನ ಚೀಟಿ ಮಾತ್ರ ಬೇಕು. ಖಾಸಗಿ ಬಸ್ಸಿಗೆ ಇದು ಸಲ್ಲುವುದಿಲ್ಲ, ನಮ್ಮ ದಾರಿಯಲ್ಲಿ ಖಾಸಗಿ ಬಸ್ಸುಗಳೂ ಇವೆ. ಹತ್ತು ನಿಮಿಷ ಕಾದು ಸರ್ಕಾರಿ ಬಸ್ಸು ಹತ್ತಿದರೆ ಉಳಿಯುವ ದುಡ್ಡಿನಲ್ಲಿ ಎಲ್ಲರಿಗೂ ಮಂಡಕ್ಕಿ ಮೆಣಸಿನಕಾಯಿ ಆಗುತ್ತದೆ.

ಟಿಕೆಟ್ಟಿನ ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ. 2025ರ ಸೆಪ್ಟೆಂಬರ್ 22ರಿಂದ 100 ರೂಪಾಯಿವರೆಗಿನ ಟಿಕೆಟ್ಟಿಗೆ ಜಿಎಸ್‌ಟಿ ಶೇ 5. ಅದಕ್ಕಿಂತ ಮೇಲಿನದಕ್ಕೆ ಶೇ 18. ಮೂಲ ದರ 100 ಇದ್ದರೆ ಕೊಡಬೇಕಾದದ್ದು 105, 110 ಇದ್ದರೆ ಸುಮಾರು 130. ಹತ್ತು ರೂಪಾಯಿಯ ಅಂತರ ಇಪ್ಪತ್ತೈದಾಗುತ್ತದೆ, ಐದು ಜನರಿಗೆ ನೂರಿಪ್ಪತ್ತನ್ನು ಮೀರುತ್ತದೆ. ಕೆಳಗಿನ ದರ್ಜೆಯಲ್ಲಿ ಪರದೆ ಚೆನ್ನಾಗಿ ಕಾಣುವ ಹಿಂದಿನ ಸಾಲು ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಆ್ಯಪಿನಲ್ಲಿ ಕಾದಿರಿಸಿದರೆ ಪ್ರತಿ ಟಿಕೆಟ್ಟಿಗೆ ಬೇರೆ ಶುಲ್ಕವಿದೆ, ಅದರ ಮೇಲೂ ತೆರಿಗೆ. ಭಾನುವಾರಕ್ಕಾದರೆ ಆ ಶುಲ್ಕ ಕೊಡುವುದು ಒಳ್ಳೆಯದು, ಅಷ್ಟು ದೂರ ಹೋಗಿ ‘ಹೌಸ್‌ಫುಲ್’ ಫಲಕ ನೋಡುವುದು ಯಾರಿಗೂ ಬೇಡ. ಮಂಗಳವಾರದ ಬೆಳಗಿನ ಆಟಕ್ಕಾದರೆ ಕೌಂಟರ್ ಸಾಕು.

ಟಿಕೆಟ್ 200 ರೂಪಾಯಿ ದಾಟುವಂತಿಲ್ಲವಲ್ಲ ಎಂದು ಕೇಳುವವರಿದ್ದಾರೆ. ಮಲ್ಟಿಪ್ಲೆಕ್ಸೂ ಸೇರಿ ರಾಜ್ಯದ ಚಿತ್ರಮಂದಿರಗಳಿಗೆ ಆ ಮಿತಿ ವಿಧಿಸುವ ನಿಯಮವನ್ನು ಸರ್ಕಾರ 2025ರ ಸೆಪ್ಟೆಂಬರ್ 12ರಂದು ತಂದದ್ದು ನಿಜ. ಸೆಪ್ಟೆಂಬರ್ 23ರಂದು ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಅಂದರೆ ಕಾಂತಾರ ಬಂದ ವಾರ ಆ ಮಿತಿ ಕೈಗೆ ಸಿಗಲಿಲ್ಲ. ಪತ್ರಿಕೆಯ ತಲೆಬರಹ ನಂಬಿ ಲೆಕ್ಕ ಹಾಕಬೇಡಿ, ಆ ದಿನದ ದರವನ್ನು ನೋಡಿಕೊಂಡೇ ಹೊರಡಿ. ಒಂಟಿ ಪರದೆಯ ಚಿತ್ರಮಂದಿರ ನಮ್ಮಂಥ ಮನೆಗಳಿಗೆ ಈಗಲೂ ಆಸರೆ. ದಾವಣಗೆರೆಯ ಅಶೋಕ, ಗೀತಾಂಜಲಿ, ವಸಂತ ಎಂಬ ಹೆಸರುಗಳು ನಮ್ಮ ಹಿರಿಯರ ಬಾಯಲ್ಲಿ ಇನ್ನೂ ಇರುವುದು ಅಲ್ಲಿ ಬಡವನಿಗೂ ಒಂದು ಸೀಟು ಇದ್ದದ್ದಕ್ಕೆ.

ಒಳಗೆ ಹೊರಗಿನ ತಿಂಡಿ ಬಿಡದಿರುವ ಹಕ್ಕು ಚಿತ್ರಮಂದಿರದವರಿಗೆ ಇದೆ ಎಂದು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿದೆ. ಅದೇ ತೀರ್ಪಿನಲ್ಲಿ ಇನ್ನೆರಡು ಮಾತುಗಳಿವೆ, ಅವು ನಮಗೆ ಮುಖ್ಯ. ಶುದ್ಧ ಕುಡಿಯುವ ನೀರನ್ನು ಪುಕ್ಕಟೆ ಕೊಡಬೇಕು. ಹಸುಗೂಸಿಗೆ ಬೇಕಾದ ಆಹಾರವನ್ನು ತಂದೆತಾಯಿ ಒಯ್ದರೆ ತಡೆಯಬಾರದು. ಹಾಲಿನ ಬಾಟಲಿಯನ್ನು ಗೇಟಿನಲ್ಲಿ ಇಟ್ಟು ಹೋಗಿ ಎಂದರೆ ಒಪ್ಪಬೇಡಿ, ಸಮಾಧಾನದಿಂದಲೇ ಈ ತೀರ್ಪಿನ ಮಾತು ಹೇಳಿ.

ತೀರಾ ಚಿಕ್ಕವರಿದ್ದರೆ

ಮೂರು ವರ್ಷದೊಳಗಿನ ಮಗುವನ್ನು ಹೊಡೆದಾಟದ ಚಿತ್ರಕ್ಕೆ ಕರೆದೊಯ್ಯುವುದು ಬೇಡವೇ ಬೇಡ. ಮಲಗಿಬಿಡುತ್ತದೆ ಎನ್ನುತ್ತಾರೆ, ಆದರೆ ಮಲಗಿದ ಮಗುವಿನ ಕಿವಿ ಮುಚ್ಚಿರುವುದಿಲ್ಲ. ಹೋಗಲೇಬೇಕಾದರೆ ಗೋಡೆಯ ಸ್ಪೀಕರುಗಳಿಂದ ದೂರ, ಹಿಂದಿನ ಸಾಲಿನಲ್ಲಿ, ಓಡಾಡುವ ದಾರಿಯ ಪಕ್ಕದ ಸೀಟು ಹಿಡಿಯಿರಿ. ಅಳು ಶುರುವಾದ ಕೂಡಲೇ ಹೊರಗೆ ಕರೆದುಕೊಂಡು ಹೋಗಿ, "ಈಗ ಸುಮ್ಮನಾಗುತ್ತೆ" ಎಂದು ಕಾಯಬೇಡಿ. ಮೂರ್ಛೆರೋಗ ಇರುವ ಮಗುವಾದರೆ ಮಿಂಚುವ ಬೆಳಕಿನ ದೃಶ್ಯಗಳ ಬಗ್ಗೆ ವೈದ್ಯರನ್ನು ಮೊದಲೇ ಕೇಳಿ.

ದೊಡ್ಡ ಮಕ್ಕಳಿಗೂ ಒಂದು ಮಾತು ಹೇಳಿಡಿ. ಪರದೆಯ ಮೇಲಿನ ಹೀರೋ ಎಂಟ್ರಿಯನ್ನು ಮೊಬೈಲಿನಲ್ಲಿ ಹಿಡಿದು ಸ್ಟೇಟಸ್ ಹಾಕುವುದು ಚಿಕ್ಕ ತಪ್ಪೆಂದು ಅವರು ತಿಳಿದಿದ್ದಾರೆ. 2023ರ ತಿದ್ದುಪಡಿಯ ನಂತರ ಚಿತ್ರಮಂದಿರದಲ್ಲಿ ಅನುಮತಿಯಿಲ್ಲದೆ ಚಿತ್ರೀಕರಿಸುವುದಕ್ಕೆ ಕನಿಷ್ಠ ಮೂರು ತಿಂಗಳ ಸೆರೆ, ಕನಿಷ್ಠ ಮೂರು ಲಕ್ಷ ದಂಡವಿದೆ.

ಒಂದು ವಾರ ಮಕ್ಕಳಿಗೆ ಸಲ್ಲುವ ಚಿತ್ರ ಹರಿಹರದಲ್ಲೂ ಇಲ್ಲ, ದಾವಣಗೆರೆಯಲ್ಲೂ ಇಲ್ಲ ಎಂದಾದರೆ ಇರುವುದರಲ್ಲೇ ಒಂದನ್ನು ಒಪ್ಪಿಕೊಳ್ಳಬೇಕಾಗಿಲ್ಲ. ‘ಪುಟಾಣಿ ಏಜೆಂಟ್ 123’, ‘ಸಿಂಹದ ಮರಿ ಸೈನ್ಯ’, ‘ಚಿನ್ನಾರಿ ಮುತ್ತ’, ಕುಂ. ವೀರಭದ್ರಪ್ಪನವರ ಕತೆಯ ‘ಕೊಟ್ರೇಶಿ ಕನಸು’ ಇವೆಲ್ಲ ಕನ್ನಡದ ಆಸ್ತಿ, ಒಂದು ಮಧ್ಯಾಹ್ನ ಅಕ್ಕಪಕ್ಕದ ಮಕ್ಕಳನ್ನೂ ಕರೆದು ಮನೆಯಲ್ಲೇ ಹಾಕಿ ತೋರಿಸಬಹುದು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು ದಾವಣಗೆರೆ. ಹಬ್ಬ, ಜಾತ್ರೆಯ ಹೊತ್ತಿಗೆ ಹತ್ತಿರದಲ್ಲಿ ಯಾವುದಾದರೂ ಕಂಪನಿ ನಾಟಕ ನಡೆಯುತ್ತಿದ್ದರೆ ವಿಚಾರಿಸಿ, ದ್ವಂದ್ವಾರ್ಥದ ಹಾಸ್ಯ ಇಲ್ಲವೆಂದು ಖಾತ್ರಿ ಮಾಡಿಕೊಂಡು ಮಕ್ಕಳನ್ನು ಕರೆದೊಯ್ಯಿರಿ. ಎದುರಿಗೇ ಮನುಷ್ಯರು ನಿಂತು ಪಾತ್ರವಾಗುವುದನ್ನು ಅವರು ನೋಡಲಿ. ಹರಿಹರಕ್ಕೆ ಬೆಳಗಿನ ಆಟಕ್ಕೆ ಹೋದವರು 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರ ದೇವಸ್ಥಾನವನ್ನು ಸಂಜೆ ನೋಡಿ ಬರಬಹುದು. ದಾವಣಗೆರೆಗೆ ಹೋದವರಿಗೆ ಕುಂದುವಾಡದ ಗಾಜಿನ ಮನೆ, ಬೆಣ್ಣೆದೋಸೆ ಇದ್ದೇ ಇವೆ. ಚಿತ್ರ ಸಾಧಾರಣವಾಗಿದ್ದರೂ ದಿನ ವ್ಯರ್ಥವಾಗುವುದಿಲ್ಲ.

ಇನ್ನೊಂದು ಸಂಗತಿ. ಕ್ರೈಸ್ತ ಸಂಸ್ಥೆಗಳ ಶಾಲೆಗಳಲ್ಲಿ ಡಿಸೆಂಬರ್‌ನಲ್ಲಿ ರಜೆ ಹೆಚ್ಚು, ದಸರೆಗೆ ಕಡಿಮೆ. ಒಂದೇ ಮನೆಯ ಇಬ್ಬರು ಮಕ್ಕಳಿಗೆ ಬೇರೆ ಬೇರೆ ರಜೆ ಇರುವುದುಂಟು. ಇಬ್ಬರ ರಜೆಯೂ ಕೂಡಿಬರುವ ದಿನಗಳನ್ನು ಕ್ಯಾಲೆಂಡರಿನಲ್ಲಿ ಮೊದಲೇ ಗುರುತು ಮಾಡಿ, ಆ ವಾರದ ಚಿತ್ರಗಳನ್ನು ಗುರುವಾರ ಸಂಜೆ ನೋಡಿಕೊಳ್ಳಿ. ಶುಕ್ರವಾರಕ್ಕೆ ಚಿತ್ರಗಳು ಬದಲಾಗುವ ಪಟ್ಟಿ ಆ ಹೊತ್ತಿಗೆ ಸಿದ್ಧವಿರುತ್ತದೆ.

ಆ ಪಟ್ಟಿಯಲ್ಲಿ ‘ಯು’ ಅಥವಾ ‘ಯುಎ 7+’ ಇರುವ ಒಂದು ಕನ್ನಡ ಚಿತ್ರ ಕಂಡರೆ, ಅದರಲ್ಲಿ ಹೆಸರಾಂತ ಹೀರೋ ಇಲ್ಲದಿದ್ದರೂ, ದಯವಿಟ್ಟು ಮೊದಲ ಶನಿವಾರ ಅಥವಾ ಭಾನುವಾರವೇ ಮಕ್ಕಳನ್ನು ಕರೆದುಕೊಂಡು ಹೋಗಿ. ಓಣಿಯ ಇನ್ನೆರಡು ಮನೆಯವರಿಗೂ ಹೇಳಿ. ಆ ಎರಡು ದಿನ ಎಷ್ಟು ಸೀಟು ತುಂಬಿತು ಎಂಬುದನ್ನು ನೋಡಿಯೇ ಮುಂದಿನ ಶುಕ್ರವಾರ ಅದು ಹರಿಹರದಲ್ಲಿ ಉಳಿಯಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾರೆ.